ಹಾರದೆ ಉಳಿದ ಛಾವಣಿ

ಬಿರುಗಾಳಿ ಬಂದುಹೋದ ಹದಿನಾಲ್ಕನೆಯ ದಿನ ಬೆಳಿಗ್ಗೆ ಥಿಯೋಫಿಲಸ್ ಕ್ವಾಶಿ ಎದ್ದು ಮೊದಲು ಮಾಡಿದ ಕೆಲಸವೆಂದರೆ ಅಂಗಳಕ್ಕಿಳಿದು, ಕತ್ತೆತ್ತಿ, ತನ್ನ ಮನೆಯ ಛಾವಣಿ ಇನ್ನೂ ಇದೆಯೇ ಎಂದು ನೋಡಿದ್ದು. ಇತ್ತು. ಹಿಂದಿನ ಹದಿಮೂರು ದಿನವೂ ಇದ್ದ ಹಾಗೆಯೇ, ಕೆಂಪು ಬಣ್ಣ ಕೂಡ ಮಾಸದೆ, ನಾಚಿಕೆಗೆಟ್ಟು ಇತ್ತು. ಕ್ಯಾರಿಯಾಕೂ ದ್ವೀಪದ ಈ ತುದಿಯಲ್ಲಿ, ಸೊಂಟ ಮುರಿದುಕೊಂಡು ಕೂತ ನೂರಾರು ಮನೆಗಳ ನಡುವೆ, ವಿಂಡ್‌ವರ್ಡ್ ಹಳ್ಳಿಯಲ್ಲಿ ಹಕ್ಕಿಗಳಿಗೆ ಕೂರಲು ಉಳಿದಿದ್ದ ಒಂದೇ ಒಂದು ಛಾವಣಿ ಅದು. ಹಾಗಾಗಿ ಇಡೀ ಕೆರಿಬಿಯನ್ ಸಮುದ್ರದ ಕಡಲಹಕ್ಕಿಗಳೆಲ್ಲ ಸರದಿಯ ಪ್ರಕಾರ ಅಲ್ಲಿಗೇ ಬಂದು ಹಿಕ್ಕೆ ಹಾಕಿ ಹೋಗುತ್ತಿದ್ದವು. ಒಳಗಿನ ಮೂರು ಕೋಣೆಗಳಲ್ಲಿ ನಲವತ್ತೊಂದು ಜನ ಮಲಗಿದ್ದರು. ಅವರೆಲ್ಲ ಒಟ್ಟಿಗೆ ಉಸಿರೆಳೆದಾಗ ಗೋಡೆಗಳು ಒಳಕ್ಕೆ ಬಾಗುತ್ತಿದ್ದವು, ಬಿಟ್ಟಾಗ ಹೊರಕ್ಕೆ ಉಬ್ಬುತ್ತಿದ್ದವು. ಮನೆಯ ಯಜಮಾನನಿಗೆ ಮಾತ್ರ ಒಳಗೆ ಜಾಗವಿರಲಿಲ್ಲ. ಅವನು ಜಗಲಿಯ ಬೆಂಚಿನ ಮೇಲೆ ಮಲಗುತ್ತಿದ್ದ. ಅವನ ಮಂಚದ ಮೇಲೆ, ಅವನ ಹೆಂಡತಿ ಇವಾಡ್ನಿಯ ಪಕ್ಕದಲ್ಲಿ, ಅವನ ದಿಂಬಿಗೇ ತಲೆಯಿಟ್ಟು ಎಜ್‌ಲಿನ್ ಮಲಗುತ್ತಿದ್ದಳು.

ಎಜ್‌ಲಿನ್ ಪಕ್ಕದ ಮನೆಯವಳು. ಪಕ್ಕದ ಮನೆ ಈಗಿಲ್ಲದಿದ್ದರೂ ಅವಳು ಪಕ್ಕದ ಮನೆಯವಳೇ. ವಯಸ್ಸು ಎಪ್ಪತ್ತೊಂದು. ಎಡಗೈಯ ಮಣಿಕಟ್ಟು ಮುರಿದು, ಯಾವುದೋ ದೋಣಿಯ ಹಲಗೆಚೂರನ್ನು ಅದಕ್ಕೆ ಕಟ್ಟಿದ್ದರು. ಊರೆಲ್ಲ ಥಿಯೋಫಿಲಸ್‌ನನ್ನು ಕ್ಯಾಪ್ಟನ್ ಎಂದು ಕರೆದರೆ ಅವಳೊಬ್ಬಳು ಮಾತ್ರ ಫಿಲೋ ಎನ್ನುತ್ತಿದ್ದಳು. ಏಕೆಂದರೆ ಅವನು ಸರಕಿನ ಹಡಗಿನಲ್ಲಿ ಹನ್ನೊಂದು ವರ್ಷ ಅಡಿಗೆ ಮಾಡಿದವನೇ ಹೊರತು ಚುಕ್ಕಾಣಿಗೆ ಕೈ ತಾಗಿಸಿದವನಲ್ಲವೆಂದು ಗೊತ್ತಿದ್ದವರಲ್ಲಿ ಬದುಕಿ ಉಳಿದವಳು ಅವಳೊಬ್ಬಳೇ. ತಿಂಡಿಯ ಹೊತ್ತಿಗೆ ಅವಳು "ಫಿಲೋ, ಆ ಉಪ್ಪು ಇಲ್ಲಿ ಕೊಡು" ಅಂದಳು. ಉಪ್ಪು ಕೊಟ್ಟ. ಕೊಡುವಾಗ ಅರ್ಧ ಮೇಜಿನ ಮೇಲೆ ಚೆಲ್ಲಿತು. ಉಪ್ಪು ಅಂದದ್ದರಲ್ಲಿ ಏನಿತ್ತು? ಫಿಲೋ ಅಂದದ್ದರಲ್ಲಿ ಏನಿತ್ತು? ಹದಿಮೂರು ದಿನದಿಂದ ಅವಳು ಅವನಲ್ಲಿ ಉಪ್ಪು, ನೀರು, ಬಾಚಣಿಗೆ, ಬೆಂಕಿಪೆಟ್ಟಿಗೆ ಬಿಟ್ಟು ಬೇರೇನನ್ನೂ ಕೇಳಿರಲಿಲ್ಲ. ಕೇಳಬೇಕಾದದ್ದನ್ನು ಕೇಳಿಬಿಟ್ಟಿದ್ದರೆ ಅವನು ನೆಮ್ಮದಿಯಾಗಿ ಸುಳ್ಳು ಹೇಳಬಹುದಿತ್ತು.

ಆ ಬಿರುಗಾಳಿಯ ಹೆಸರು ಬೆರಿಲ್. ಚರ್ಚಿನಲ್ಲಿ ಹೂವು ಜೋಡಿಸುವ, ಮದುವೆಯಾಗದೆ ಉಳಿದ ಸೋದರತ್ತೆ, ಯಾರೋ ಟಾಂಟಿಯೊಬ್ಬಳ ಹೆಸರಿನ ಹಾಗಿದೆ, ಅದಕ್ಕೆ ಯಾರು ಹೆದರುತ್ತಾರೆ ಎಂದು ಹಿಂದಿನ ದಿನ ರಮ್ಮಿನಂಗಡಿಯಲ್ಲಿ ನಕ್ಕಿದ್ದವರಲ್ಲಿ ಥಿಯೋಫಿಲಸ್ ಮೊದಲಿಗ. ಜುಲೈ ತಿಂಗಳ ಮೊದಲ ಸೋಮವಾರ ಆ ಟಾಂಟಿ ಬಂದಳು. ಚರ್ಚಿನ ಗಂಟೆಯನ್ನು ಕಿತ್ತು ಎದುರಿನ ದ್ವೀಪಕ್ಕೆ ಒಗೆದಳು. ಅಲ್ಲಿನವರು ಅದು ಮೊಳಗಿದ್ದು ಕೇಳಿ ಊಟದ ಹೊತ್ತಾಯಿತೆಂದು ತಟ್ಟೆ ಹಾಕಿಕೊಂಡರಂತೆ. ಮರಗಳ ಎಲೆ ಹೋಯಿತು, ಕೊಂಬೆ ಹೋಯಿತು, ತೊಗಟೆಯೂ ಹೋಯಿತು. ಹಸಿರು ಗುಡ್ಡ ಎರಡೇ ಗಂಟೆಯಲ್ಲಿ ಸುಟ್ಟ ರೊಟ್ಟಿಯ ಬಣ್ಣಕ್ಕೆ ತಿರುಗಿತು. ಒಬ್ಬರ ಫ್ರಿಜ್ಜು ಕಾಂಡ್ಲಾ ಕಾಡಿನ ನೆತ್ತಿಯ ಮೇಲೆ ಸಿಕ್ಕಿತು, ಒಳಗಿನ ಐಸು ಕರಗಿರಲಿಲ್ಲ. ಮೇಕೆಯೊಂದು ಆಕಾಶದಿಂದ ಇಳಿದಾಗ ಅದರ ಮೈಮೇಲೆ ಕೂದಲಿರಲಿಲ್ಲ, ಮುಖದ ಮೇಲೆ ಮಾತ್ರ ಬಹಳ ತಿಳಿದುಕೊಂಡ ಕಳೆಯಿತ್ತು. ಇಷ್ಟೆಲ್ಲ ಹೋಗುವಾಗ ಕ್ವಾಶಿಯ ಛಾವಣಿ ಮಾತ್ರ ಹೋಗಲಿಲ್ಲ. ಅದನ್ನು ಕಟ್ಟಿದವನು ಅವನಲ್ಲ, ಅವನ ಅಪ್ಪ. ದೋಣಿ ಕಟ್ಟುವ ಮೇಸ್ತ್ರಿಯಾಗಿದ್ದ ಆ ಮುದುಕನಿಗೆ ಮನೆ ಕಟ್ಟುವ ವಿದ್ಯೆ ಗೊತ್ತಿರಲಿಲ್ಲವಾದ್ದರಿಂದ, ಒಂದು ದೋಣಿಯನ್ನೇ ಕಟ್ಟಿ, ಬೋರಲು ಹಾಕಿ, ನಾಲ್ಕು ಗೋಡೆಯ ಮೇಲೆ ಕೂರಿಸಿ, ಮೇಲೆ ತಗಡು ಹೊಡೆದಿದ್ದ. ಅಪ್ಪ ಬದುಕಿದ್ದಾಗ ಈ ಛಾವಣಿಯನ್ನು ಅತಿ ಹೆಚ್ಚು ಹಂಗಿಸಿದವನು ಮಗನೇ.

ಸಂತ್ರಸ್ತರ ಪಟ್ಟಿ ಬರೆಯುವ ಹುಡುಗಿ ಎರಡು ಸಲ ಬಂದುಹೋಗಿದ್ದಳು. ಅವಳ ಕೈಯಲ್ಲಿ ಒಂದು ಟ್ಯಾಬ್ಲೆಟ್, ಅದರೊಳಗೆ ಹಾನಿಯ ನಾಲ್ಕು ದರ್ಜೆ. ಸ್ವಲ್ಪ ಹಾನಿ, ಅರ್ಧ ಹಾನಿ, ಭಾರಿ ಹಾನಿ, ನಿರ್ನಾಮ. ಏನೂ ಆಗಿಲ್ಲ ಎನ್ನುವ ಮನೆಯೊಂದು ಇರಬಹುದೆಂದು ಆ ನಮೂನೆ ಬರೆದವರಿಗೆ ಹೊಳೆದಿರಲಿಲ್ಲ. ಅವಳು ಮನೆಯ ಸುತ್ತ ಮೂರು ಸುತ್ತು ಹಾಕಿ, ಒಂದು ಕಿಟಕಿಯ ಕೊಂಡಿಯಾದರೂ ಮುರಿದಿದೆಯೇ ಎಂದು ಆಸೆಯಿಂದ ಎಳೆದು ನೋಡಿದಳು. "ಏನಾದ್ರೂ ಒಂದು ಹೇಳಿ ಅಂಕಲ್, ಇಲ್ಲಾಂದ್ರೆ ನಿಮ್ಮ ಮನೇನೇ ಇಲ್ಲ ಅಂತ ತೋರ್ಸುತ್ತೆ ಇದು" ಎಂದು ಬೇಡಿಕೊಂಡಳು. ಹಾಗಾಗಿ ಊರಲ್ಲಿದ್ದ ಒಂದೇ ಮನೆ ಸರ್ಕಾರದ ಕಡತದಲ್ಲಿ ಇಲ್ಲವಾಯಿತು. ಹೊರದೇಶದ ಟೀವಿಯವರು ಬಂದಾಗ ಕ್ಯಾಮೆರಾದವನು ಬಹಳ ವಿನಯದಿಂದ, ಚಿತ್ರದಲ್ಲಿ ಆ ಛಾವಣಿ ಬಂದು ಕೆಡಿಸುತ್ತಿದೆ, ಅದಕ್ಕೆ ಏನಾದರೂ ಹೊದಿಸಲು ಸಾಧ್ಯವೇ ಎಂದು ವಿಚಾರಿಸಿದ. ಊರಲ್ಲಿ ಎಲ್ಲರಿಗೂ ನೀಲಿ ಟಾರ್ಪಾಲು ಬಂತು. ಯಾರದು ಉದ್ದ, ಯಾರದಕ್ಕೆ ಹಗ್ಗ ಪೋಣಿಸುವ ಹಿತ್ತಾಳೆಯ ಬಳೆಗಳಿವೆ ಎಂದು ಹೆಂಗಸರು ಹೋಲಿಸಿ ನೋಡುವಾಗ ಇವಾಡ್ನಿ ಕೈಕಟ್ಟಿ ನಿಂತಿರುತ್ತಿದ್ದಳು. ಚಳಿದೇಶದ ಯಾವುದೋ ದಯಾಳುಗಳು ಕಳಿಸಿದ ಉಣ್ಣೆಯ ಕೋಟುಗಳು ಕೂಡ ಎಲ್ಲರಿಗೂ ಸಿಕ್ಕವು. ಕಾದ ಕಾವಲಿಯಂಥ ಬಿಸಿಲಿನಲ್ಲಿ ಹಳ್ಳಿಗೆ ಹಳ್ಳಿಯೇ ಮೊಣಕಾಲಿನವರೆಗೆ ಕೋಟು ತೊಟ್ಟು ಮೊಳೆ ಹೆಕ್ಕುತ್ತಿದ್ದರೆ, ಥಿಯೋಫಿಲಸ್ ಒಬ್ಬನೇ ಬನಿಯನ್ನಿನಲ್ಲಿ ತಿರುಗುತ್ತಿದ್ದ, ಬಹಿಷ್ಕಾರ ಹಾಕಿಸಿಕೊಂಡವನ ಹಾಗೆ.

ಅವನು ಊರಿಗೆಲ್ಲ ಕಲಿಸಿದ ಶಾಸ್ತ್ರ ಒಂದೇ. ಗಾಳಿ ಬೀಸುವ ಕಡೆಯ ಬಾಗಿಲನ್ನು ಯಾವ ಕಾರಣಕ್ಕೂ ತೆಗೆಯಬಾರದು. ಮರೆಬದಿಯ ಕಿಟಕಿಯೊಂದನ್ನು ಬೆರಳಗಲ ತೆರೆದಿಡಬೇಕು. ಬಿರುಗಾಳಿಯ ಕಣ್ಣು, ಅದರ ನಡುವಿನ ಗಾಳಿಯಿಲ್ಲದ ಜಾಗ, ದಾಟಿ ಗಾಳಿ ತಿರುಗಿದಾಗ ಎರಡನ್ನೂ ಅದಲುಬದಲು ಮಾಡಬೇಕು. ಗಾಳಿಮುಖದ ಬಾಗಿಲು ಒಂದು ಗೇಣು ತೆರೆದರೂ ಗಾಳಿ ಒಳಹೊಕ್ಕು ಛಾವಣಿಯನ್ನು ಬಾಟಲಿಯ ಬಿರಡೆಯ ಹಾಗೆ ಎತ್ತಿಬಿಡುತ್ತದೆ. ಇದು ಇಲ್ಲಿನ ಮಕ್ಕಳಿಗೂ ಗೊತ್ತು. ಆ ಸೋಮವಾರ ಇವಾಡ್ನಿ ಬಚ್ಚಲಿನಲ್ಲಿ ಹಾಸಿಗೆ ಹೊದ್ದುಕೊಂಡು ಕೀರ್ತನೆಗಳನ್ನೆಲ್ಲ ಅರಚುತ್ತಿದ್ದಳು. ಅವನು ಗಾಳಿ ಬೀಸುತ್ತಿದ್ದ ಕಡಲ ಕಡೆಯ ಬಾಗಿಲಿಗೆ ಮೇಜು ಒತ್ತಿ, ಮೇಜಿನ ಮೇಲೆ ಕೂತು, ಬಾಗಿಲಿಗೆ ಬೆನ್ನು ಕೊಟ್ಟಿದ್ದ. ಆಗ ಬೆನ್ನಿನ ಕೆಳಗೆ, ಬಾಗಿಲಿನ ಕೆಳಭಾಗದಲ್ಲಿ, ಮೂರು ಸಲ ಬಡಿದ ಹಾಗಾಯಿತು. ತೆಂಗಿನ ಗರಿ ಅಂದುಕೊಂಡ. ಆಮೇಲೆ ಅಂಗೈ ಚಪ್ಪಟೆಯಾಗಿ ಬಡಿಯುವ ಸದ್ದು. ಮೇಕೆ ಅಂದುಕೊಂಡ, ಮೇಕೆಗೆ ಅಂಗೈ ಇರುವುದಿಲ್ಲವೆಂಬುದು ಗೊತ್ತಿದ್ದೂ. ಆಮೇಲೆ ಹೆಸರು. ಕ್ಯಾಪ್ಟನ್ ಎಂದು ಕರೆದಿದ್ದರೆ ಅದು ಊರಿನ ಯಾರೋ ಆಗಬಹುದಿತ್ತು, ಗಾಳಿಯೂ ಆಗಬಹುದಿತ್ತು. ಫಿಲೋ ಎಂದು ಕರೆಯಿತು. ಫಿಲೋ ಎಂದು ಎರಡು ಸಲ ಕರೆಯಿತು. ಆಮೇಲೆ ಕರೆಯಲಿಲ್ಲ.

ತೆಗೆದಿದ್ದರೆ ಛಾವಣಿ ಹೋಗುತ್ತಿತ್ತು, ಈ ನಲವತ್ತೊಂದು ಜನಕ್ಕೆ ನೆರಳಿರುತ್ತಿರಲಿಲ್ಲ ಎಂದು ಅವನು ಜಗಲಿಯಲ್ಲಿ ಕೂತು ದಿನಕ್ಕೆ ಎಂಬತ್ತು ಸಲ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ನ್ಯಾಯವಾದ ಮಾತು, ಯಾವ ಕೋರ್ಟಿನಲ್ಲೂ ಗೆಲ್ಲುವ ಮಾತು. ಆದರೆ ಆ ಗಳಿಗೆಯಲ್ಲಿ ಅವನಿಗೆ ಛಾವಣಿಯ ನೆನಪಿರಲಿಲ್ಲ, ಶಾಸ್ತ್ರದ ನೆನಪಿರಲಿಲ್ಲ, ನಲವತ್ತೊಂದು ಜನರಂತೂ ಇನ್ನೂ ಹುಟ್ಟಿಯೇ ಇರಲಿಲ್ಲ. ಇದ್ದದ್ದು ಬೆನ್ನೊಂದೇ. ಅದು ಬಾಗಿಲಿಗೆ ಅಂಟಿಕೊಂಡಿತ್ತು. ಶಾಸ್ತ್ರ ನೆನಪಿಗೆ ಬಂದದ್ದು ಕಾಲು ಗಂಟೆಯ ಮೇಲೆ, ಬಿರುಗಾಳಿಯ ಕಣ್ಣು ಊರ ಮೇಲೆ ನಿಂತು, ಗಾಳಿಯೆಲ್ಲ ಸತ್ತು, ಸೂರ್ಯ ಕೂಡ ಬಂದಾಗ. ಆಗ ಅವನು ಮರೆಬದಿಯ ಬಾಗಿಲು ತೆಗೆದು ಮೆಟ್ಟಿಲ ಮೇಲೆ ನಿಂತಿದ್ದ. ಮನೆಯನ್ನು ಸುತ್ತಿ ಹೋಗಿ ನೋಡಲು ಇಪ್ಪತ್ತು ಹೆಜ್ಜೆ ಸಾಕಿತ್ತು. ಅಲ್ಲಿಂದಲೇ ಎಜ್‌ಲಿನ್ ಎಂದು ಕೂಗಿದ್ದರೂ ಆಗುತ್ತಿತ್ತು. ಕೂಗಿದರೆ ಮೊದಲು ಕೇಳಿಸಿತ್ತು ಎಂದಾಗುತ್ತಿತ್ತು. ಅವನು ಒಳಗೆ ಬಂದು ಚಿಲಕ ಹಾಕಿದ. ಅವಳು ಆ ಹೊತ್ತಿಗೆ ಮಳೆನೀರಿನ ತೊಟ್ಟಿಯ ಗೋಡೆಯ ಸಂದಿಗೆ ತೆವಳಿಹೋಗಿ, ಅವನದೇ ಎರಡು ಕುರಿಗಳ ನಡುವೆ, ಅವುಗಳ ಉಣ್ಣೆಗೆ ಮುಖ ಒತ್ತಿ ಮಲಗಿದ್ದಳೆಂಬುದು ಸಂಜೆಗೆ ಗೊತ್ತಾಯಿತು. ಎಲ್ಲರ ಮುಂದೆ ಅವಳು ಹೇಳಿದ್ದು ಇಷ್ಟೇ. "ಕುರಿಗಳು ಒಳ್ಳೇವು, ಫಿಲೋ. ಜಾಗ ಬಿಟ್ಕೊಟ್ಟವು."

ಹೀಗೆ ನಡೆಯುತ್ತಿದ್ದಾಗ ಇವಾಡ್ನಿಗೆ ಕನಸು ಬಿತ್ತು. ಮಾವ ಬಂದಿದ್ದನಂತೆ. ಮೈಯೆಲ್ಲ ಒದ್ದೆಯಾಗಿ ಕಡಲ ಕಡೆಯ ಬಾಗಿಲ ಹೊರಗೆ ನಿಂತಿದ್ದನಂತೆ, ಒಳಗೆ ಬಾ ಅಂದರೂ ಬರಲಿಲ್ಲವಂತೆ. ತಿಂಡಿಯ ಹೊತ್ತಿಗೆ ಈ ಕನಸು ನಲವತ್ತೊಂದು ಬಾಯಿಗಳಲ್ಲಿ ಸುತ್ತಿ, ಕಾಫಿಯ ಹೊತ್ತಿಗೆ ತೀರ್ಮಾನವೂ ಆಯಿತು. ಇಲ್ಲಿ ಸತ್ತವರು ಕನಸಿಗೆ ಬಂದರೆ ಹಸಿದು ಬಂದಿದ್ದಾರೆಂದೇ ಅರ್ಥ, ಅದಕ್ಕೆ ಬೇರೆ ಅರ್ಥ ಹುಡುಕುವವನು ಜಿಪುಣ. ಛಾವಣಿ ಕಟ್ಟಿ ಇಷ್ಟು ಜನರನ್ನು ಉಳಿಸಿದ ಮುದುಕನಿಗೆ ಒಂದು ತುತ್ತು ಇಟ್ಟಿಲ್ಲ, ಅದಕ್ಕೇ ಒಳಗೆ ಬರಲಿಲ್ಲ, ಶನಿವಾರ ಮರೂನ್ ಮಾಡಬೇಕು, ಊರೆಲ್ಲ ಸೇರಿ ಅಡುಗೆ ಮಾಡಿ ಹಿರಿಯರಿಗೆ ಇಟ್ಟು ಉಣ್ಣಬೇಕು ಎಂದು ಬಡಗಿ ಕೆಲ್‌ರಾಯ್ ಘೋಷಿಸಿದ. ಅಪ್ಪ ನಿಂತಿದ್ದು ಯಾವ ಬಾಗಿಲಿನ ಹೊರಗೆ ಎಂಬುದನ್ನು ಥಿಯೋಫಿಲಸ್ ಒಬ್ಬನೇ ಗಮನಿಸಿದ. ಅಥವಾ ಎಜ್‌ಲಿನ್ ಕೂಡ ಗಮನಿಸಿದಳೋ ಏನೋ, ಅವಳು ಮುಖ ತಗ್ಗಿಸಿ ಒಂದೇ ಕೈಯಲ್ಲಿ ತೊಗರಿಕಾಯಿ ಬಿಡಿಸುತ್ತಿದ್ದಳು. ಮರೂನ್ ಎಂದರೆ ನೆಲಕ್ಕೆ ರಮ್ಮು, ನೀರು ಹೊಯ್ದು ಮನೆಯ ಹಿರಿಯನು ಸತ್ತವರ ಜೊತೆ ಮಾತಾಡಬೇಕು. ಬದುಕಿದ್ದವರ ಮುಂದೆ ಎಷ್ಟು ಸುಳ್ಳು ಬೇಕಾದರೂ ಬಿಡಬಹುದು, ಕೇಳುವವರಿಗೂ ಅದೇ ಬೇಕು. ನೆಲ ಒದ್ದೆ ಮಾಡಿ ಸುಳ್ಳು ಹೇಳಿದವನ ಮನೆಗೆ ಮಾತ್ರ ಸತ್ತವರು ಮತ್ತೆ ಬರುವುದಿಲ್ಲ. ಸುಳ್ಳು ಹೇಳಿ ಹೇಳಿ ಮಾಗಿದ ಥಿಯೋಫಿಲಸ್ ಇದೊಂದನ್ನು ಜೀವಮಾನದಲ್ಲಿ ಮುರಿದಿರಲಿಲ್ಲ.

ಶನಿವಾರ ಮಧ್ಯಾಹ್ನ ಅಂಗಳದಲ್ಲಿ ಮೂರು ಕಲ್ಲಿನ ಏಳು ಒಲೆ ಹೊತ್ತಿದವು. ಬಿರುಗಾಳಿ ಕಡಿದುಕೊಟ್ಟ ಸೌದೆಗೆ ಬರವಿರಲಿಲ್ಲ, ಆ ಸೌದೆಯಲ್ಲಿ ಇಡೀ ಪೃಥ್ವಿಗೇ ಅಡುಗೆ ಮಾಡಬಹುದಿತ್ತು. ಜೋಳದ ಹಿಟ್ಟಿನ ಮುದ್ದೆ ಮಗುವಿನ ತಲೆ ಗಾತ್ರಕ್ಕೆ ಉರುಳಿತು, ತೊಗರಿಕಾಳು ಕುದಿಯಿತು. ಜಾಗ ಬಿಟ್ಟುಕೊಟ್ಟ ಕುರಿಗಳಲ್ಲಿ ಒಂದು ಕೂಡ ಬೆಂದಿತು. ಎಜ್‌ಲಿನ್ ಅದನ್ನು ಮುಟ್ಟಲಿಲ್ಲ. ಹಿರಿಯರ ಎಡೆಯನ್ನು ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಇಟ್ಟರು. ಉಣ್ಣೆ ಕೋಟು ತೊಟ್ಟ ಇನ್ನೂರು ಜನ ಬೆವರುತ್ತ ಸುತ್ತ ನಿಂತರು. ಐಸು ಹಾಕಿದರೆ ಐಸೇ ಮುಳುಗುವಂಥ ಇಲ್ಲಿನ ಬಿಳಿ ರಮ್ಮಿನ ಬಾಟಲಿಯನ್ನು ಥಿಯೋಫಿಲಸ್‌ನ ಕೈಗೆ ಕೊಟ್ಟರು. ಅವನು ಹೊಯ್ದ. ನೆಲ ಹೀರಿಕೊಂಡಿತು. ಅಪ್ಪಾ ಎಂದು ಶುರು ಮಾಡಿ, ಛಾವಣಿಯನ್ನು ಹೊಗಳಿ, ತಾನು ಅದನ್ನು ಹಂಗಿಸಿದ್ದಕ್ಕೆ ತಪ್ಪೊಪ್ಪಿ, ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ಹೆಂಗಸರು ಆಗಲೇ ಕಣ್ಣು ಒರೆಸಿಕೊಳ್ಳುತ್ತಿದ್ದರು. ನಾಲಗೆ ನಿಲ್ಲಲಿಲ್ಲ.

"ಅಪ್ಪಾ, ಆವತ್ತು ಎಜ್‌ಲಿನ್ ಬಂದು ಬಾಗಿಲು ಬಡಿದ್ಲು. ನನ್ನ ಹೆಸರು ಹಿಡಿದು ಕೂಗಿದ್ಲು. ನಂಗೆ ಕೇಳಿಸ್ತು. ನಾನು ತೆಗೀಲಿಲ್ಲ."

ಅವನ ಎದೆಯಿಂದ ಹತ್ತೊಂಬತ್ತು ದಿನದ ಕಲ್ಲು ಜಾರಿ ಮೊಣಕಾಲಿನವರೆಗೆ ಬಂದಿತ್ತು, ಇನ್ನೊಂದು ಕ್ಷಣ ಕಳೆದಿದ್ದರೆ ನೆಲಕ್ಕೇ ಬೀಳುತ್ತಿತ್ತು. ಅಷ್ಟರಲ್ಲಿ ಕೆಲ್‌ರಾಯ್ ಗಂಟಲಲ್ಲಿ ತಡೆದುಕೊಂಡಿದ್ದ ನಗೆ ಮೂಗಿನಿಂದ ಹೊರಬಿತ್ತು. "ಕ್ಯಾಪ್ಟನ್, ನಮ್ಮಮ್ಮ ನನ್ನ ಕಿವಿಗೆ ಬಾಯಿಟ್ಟು ಅರಚಿದ್ದೇ ನಂಗೆ ಕೇಳಿಸ್ಲಿಲ್ಲ ಆವತ್ತು. ನಿಮಗೆ ಬಾಗಿಲು ಬಡಿದಿದ್ದು ಕೇಳಿಸ್ತಾ?" ಎಂದ. ಅಲ್ಲಿಗೆ ಕಟ್ಟೆಯೊಡೆಯಿತು. ಹಿಂದಿನ ಬಿರುಗಾಳಿಯಲ್ಲಿ ತಿಮಿಂಗಿಲವೊಂದು ತನ್ನ ಮನೆಯ ಹೊಗೆಗೂಡಿನಲ್ಲಿ ಸಿಕ್ಕಿಕೊಂಡಿತೆಂದು ಕ್ಯಾಪ್ಟನ್ ಬಿಟ್ಟಿದ್ದ ಕತೆಯನ್ನು ಒಬ್ಬರು ನೆನೆದರು. ನಿಮ್ಮ ಮನೆಗೆ ಹೊಗೆಗೂಡೇ ಇಲ್ಲವಲ್ಲ ಎಂದು ಇನ್ನೊಬ್ಬರು ಕೇಳಿದ್ದನ್ನೂ, ತಿಮಿಂಗಿಲ ಕಿತ್ತುಕೊಂಡು ಹೋಯಿತು ಎಂದು ಕ್ಯಾಪ್ಟನ್ ಉತ್ತರಿಸಿದ್ದನ್ನೂ ಮತ್ತೊಬ್ಬರು ನೆನೆದರು. ಇವಾಡ್ನಿ ಕೂಡ ಬಾಯಿಗೆ ಸೆರಗಿನಂತೆ ಏಪ್ರನ್ನಿನ ತುದಿ ಒತ್ತಿ ನಗುತ್ತಿದ್ದಳು. ಅವನು ನಿಜ, ನಿಜ, ಆಣೆ ಎಂದಷ್ಟೂ ನಗು ಹೆಚ್ಚಿತು, ಆಣೆಯಿಡದೆ ಅವನು ಯಾವತ್ತೂ ಸುಳ್ಳು ಹೇಳಿದ್ದಿಲ್ಲ. ಕೊನೆಗೆ ಎಲ್ಲರೂ ಎಜ್‌ಲಿನ್ ಕಡೆಗೆ ತಿರುಗಿದರು. ಅವನೂ ತಿರುಗಿದ, ಬೇಡುವವನ ಹಾಗೆ. ಹೂಂ ಎಂದು ಅವಳು ಒಂದು ಮಾತು ಅಂದರೆ ಊರೆಲ್ಲ ಸೇರಿ ಅವನ ಮುಖಕ್ಕೆ ಉಗಿಯಬಹುದಿತ್ತು, ಅವನು ಒರೆಸಿಕೊಂಡು ಉಣ್ಣಲು ಕೂರಬಹುದಿತ್ತು.

ಎಜ್‌ಲಿನ್ ಕಟ್ಟಿದ ಕೈಯನ್ನು ಮಡಿಲಲ್ಲಿ ಸರಿಯಾಗಿ ಇಟ್ಟುಕೊಂಡಳು. "ನಾನ್ಯಾಕೆ ಇವನ ಬಾಗಿಲು ಬಡೀಲಿ?" ಅಂದಳು. "ಅರವತ್ತು ವರ್ಷದಿಂದ ನೋಡ್ತಿದೀನಲ್ಲ ಇವನ್ನ."

ಊರು ಅದಕ್ಕೂ ನಕ್ಕಿತು. ಥಿಯೋಫಿಲಸ್‌ನ ಮೊಣಕಾಲಿನವರೆಗೆ ಇಳಿದಿದ್ದ ಕಲ್ಲು ಮತ್ತೆ ಎದೆಗೆ ಹತ್ತಿ ಮೊದಲಿಗಿಂತ ಆರಾಮವಾಗಿ ಕೂತಿತು.

ಅಂದಿನಿಂದ ಅದು ಒಂದು ಕತೆಯಾಯಿತು. ರಮ್ಮಿನಂಗಡಿಗೆ ಗೋಡೆಯಿಲ್ಲದಿದ್ದರೂ ಗಿರಾಕಿಗಳಿದ್ದರು. ಅವರು ಅವನನ್ನು ಎಳೆದು ಕೂರಿಸಿ, ಬಾಗಿಲು ಬಡಿದ ಕತೆ ಹೇಳಿ ಕ್ಯಾಪ್ಟನ್ ಎನ್ನುತ್ತಿದ್ದರು. ಅವನು ಹೇಳುತ್ತಿದ್ದ. ಮೊದಲ ಸಲ ಹೇಳಿದಾಗ ಅಂಗೈಯ ಸದ್ದನ್ನು ಸೇರಿಸಿದ, ಎರಡನೆಯ ಸಲ ಬಿರುಗಾಳಿಯ ಕಣ್ಣಿನ ಹೊತ್ತನ್ನೂ, ಕೂಗದೆ ಉಳಿದದ್ದನ್ನೂ. ಪ್ರತಿ ಸಲ ಕತೆ ಇನ್ನಷ್ಟು ನಿಜವಾಯಿತು, ಪ್ರತಿ ಸಲ ಅವರು ಇನ್ನಷ್ಟು ಬಿದ್ದು ಬಿದ್ದು ನಕ್ಕರು. ಇಷ್ಟು ವರ್ಷ ಅವನು ಹೇಳಿದ ಸುಳ್ಳುಗಳಿಗೆಲ್ಲ ಸೇರಿ ಸಿಗದಿದ್ದ ಚಪ್ಪಾಳೆ ಈ ಒಂದು ಸತ್ಯಕ್ಕೆ ಸಿಕ್ಕಿತು. ಒಂದು ಸಂಜೆ, ಮನೆಯ ಜಗಲಿಯಲ್ಲಿ ಎಲ್ಲರೂ ಕೂತಿದ್ದಾಗ, ಇವಾಡ್ನಿ ಎಜ್‌ಲಿನ್‌ಗೆ ತಲೆ ಬಾಚುತ್ತಿದ್ದಾಗ, ಕೆಲ್‌ರಾಯ್ ಮತ್ತೆ ಕೇಳಿದ. ಥಿಯೋಫಿಲಸ್‌ಗೆ ಸಾಕಾಗಿತ್ತು. ಅವನು ಎಂದಿನ ಹಾಗೆ ಶುರು ಮಾಡಿ, ಮೂರು ಬಡಿತ, ಅಂಗೈ, ಹೆಸರು ಎಂದು ಬಂದು, ಅಲ್ಲಿ ನಿಂತ. ಕೇಳುವವರ ಮುಖದಲ್ಲಿ ನಗು ಆಗಲೇ ತಯಾರಾಗಿ ಕಾಯುತ್ತಿತ್ತು. ಅದನ್ನು ಒಂದು ಸಲ ತಡೆಯಬೇಕೆನಿಸಿತು.

"ಮೇಜು ಸರಿಸ್ದೆ. ಬಾಗಿಲು ತೆಗೆದೆ," ಎಂದ.

ಯಾರೂ ನಗಲಿಲ್ಲ. ಕೆಲ್‌ರಾಯ್‌ನ ತೆರೆದ ಬಾಯಿ ಮೆಲ್ಲಗೆ ಮುಚ್ಚಿಕೊಂಡಿತು. ಯಾವುದೋ ಮುದುಕಿ ಆಮೆನ್ ಎಂದಳು. ಆ ಗಾಳಿಯಲ್ಲಿ, ಛಾವಣಿ ಹೋಗುತ್ತದೆಂದು ಗೊತ್ತಿದ್ದೂ, ಎಂದು ಒಬ್ಬರು ತಗ್ಗಿದ ದನಿಯಲ್ಲಿ ಹೇಳಿದರು. ಇಷ್ಟು ದೊಡ್ಡ ಕೆಲಸ ಮಾಡಿ ಅದನ್ನು ಬಚ್ಚಿಟ್ಟುಕೊಳ್ಳಲು ಇವನು ನಗೆಯಾಟ ಆಡಿದನಲ್ಲ ಎಂದು ಇನ್ನೊಬ್ಬರು. ನಲವತ್ತು ಜನ ಅವನನ್ನು ನೋಡಿದ ರೀತಿಯಲ್ಲಿ ಅವನನ್ನು ಹುಟ್ಟಿದಂದಿನಿಂದ ಯಾರೂ ನೋಡಿರಲಿಲ್ಲ. ಅದು ಬಿಸಿನೀರಿನ ಸ್ನಾನದ ಹಾಗಿತ್ತು, ಅವನು ಅದರಲ್ಲಿ ಕತ್ತಿನವರೆಗೆ ಇಳಿದ.

"ತೆಗೆದ್ಯಾ?" ಎಂದಳು ಎಜ್‌ಲಿನ್. ಬಾಚಣಿಗೆಯ ಕೆಳಗಿಂದ ತಲೆ ತಿರುಗಿಸಿ, ಮೆತ್ತಗೆ, ನಿಜವಾಗಿ ತಿಳಿದುಕೊಳ್ಳಬೇಕಾದವಳ ಹಾಗೆ. "ಹಾಗಾದ್ರೆ ನಾನು ಒಳಗೆ ಬಂದಿರ್ಬೇಕಲ್ಲ, ಫಿಲೋ?"

ಉತ್ತರ ಸಿಕ್ಕಿದ್ದು ಊರಿಗೆ. ಪಾಪ, ತಲೆಗೂ ಏಟು ಬಿದ್ದಿದೆ, ಮರೆತಿದ್ದಾಳೆ, ಆ ಕುರಿಗಳ ಮಾತೂ ಏಟಿನದೇ ಎಂದು ಹೆಂಗಸರು ಕಣ್ಣಲ್ಲೇ ಮಾತಾಡಿಕೊಂಡರು. ಇವಾಡ್ನಿ ಅವಳ ನೆತ್ತಿ ಸವರಿ, "ಬಂದಿದ್ದೆ ಟಾಂಟಿ, ಬಂದಿದ್ದೆ. ನೆನಪು ಬರುತ್ತೆ ನಿಧಾನವಾಗಿ" ಎಂದಳು. ಒಬ್ಬರು ನೀರು ತಂದುಕೊಟ್ಟರು. ಎಜ್‌ಲಿನ್ ನೀರು ಕುಡಿದು ಲೋಟ ಕೆಳಗಿಟ್ಟಳು. ಅವನ ಕಡೆ ಮತ್ತೆ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಅವಳು ತನ್ನ ಟಾರ್ಪಾಲನ್ನು ಕಂಕುಳಲ್ಲಿಟ್ಟುಕೊಂಡು, ತನ್ನ ಜಾಗಕ್ಕೆ ಹೋಗುತ್ತೇನೆ ಎಂದಳು. ನಲವತ್ತು ಜನ ಬೇಡವೆಂದರು. ತಲೆ ಸರಿಯಿಲ್ಲದವಳನ್ನು ಒಬ್ಬಳೇ ಬಿಡುವುದೇ ಎಂದರು. ಅವಳು ಮೆಟ್ಟಿಲಿಳಿದಳು. ಚೀಲವನ್ನು ಹೊತ್ತುಕೊಂಡು ಹಿಂದೆ ಹೊರಟವನು ಥಿಯೋಫಿಲಸ್, ಹೊರಲು ಯಾರೂ ಹೇಳಿರಲಿಲ್ಲ. ನಡುವೆ ಇದ್ದದ್ದು ಅರವತ್ತು ಮಾರು ದಾರಿ, ಅದು ಅವತ್ತು ಅಟ್ಲಾಂಟಿಕ್ ಸಮುದ್ರದಷ್ಟು ಅಗಲವಾಗಿತ್ತು. ಎಜ್‌ಲಿನ್‌ಳ ಮನೆಯಲ್ಲಿ ಉಳಿದದ್ದು ಮರದ ನೆಲವೊಂದೇ, ಎಂಟು ಗಿಡ್ಡ ಕಂಬಗಳ ಮೇಲೆ, ನಾಲ್ಕೂ ಕಡೆ ಬಯಲು. ಅವಳು ಅದರ ಮೇಲೆ ಹತ್ತಿ, ಅಡುಗೆಮನೆ ಇದ್ದ ಮೂಲೆಗೆ ಹೋಗಿ, ಅಲ್ಲಿಂದ ಮಲಗುವ ಕೋಣೆ ಇದ್ದ ಕಡೆಗೆ ಹೋದಳು. ಗೋಡೆಯಿದ್ದಲ್ಲೆಲ್ಲ ಸುತ್ತಿಕೊಂಡು ಹೋದಳು. ಟಾರ್ಪಾಲು ಬಿಡಿಸಿ ಅದರ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಒಂದೇ ಕೈಯಲ್ಲಿ ಹಗ್ಗ ಕಟ್ಟತೊಡಗಿದಳು.

ಥಿಯೋಫಿಲಸ್ ಚೀಲ ಹಿಡಿದು ಕೆಳಗೆ ನಿಂತಿದ್ದ. ಎಡಗಡೆಯಿಂದ ಹತ್ತಬಹುದಿತ್ತು, ಬಲಗಡೆಯಿಂದ ಹತ್ತಬಹುದಿತ್ತು, ಯಾವ ದಿಕ್ಕಿನಿಂದ ಬೇಕಾದರೂ ಒಂದು ಹೆಜ್ಜೆ ಇಟ್ಟರೆ ಒಳಗಿರುತ್ತಿದ್ದ. ಅವನು ಕಾಲೆತ್ತಿದ, ಇಳಿಸಿದ. ಮೇಲೆ ಅವಳು ಇನ್ನೊಂದು ಗಂಟು ಹಾಕುತ್ತಿದ್ದಳು. ಬಿಸಿಲೇರಿತು. ಅವಳು ಬಾ ಎನ್ನುವುದನ್ನು ಕಾಯುತ್ತ ಅವನು ಅಲ್ಲಿಯೇ ನಿಂತ.